ಇಸ್ಪೀಟಲ್ಲ ಅಜ್ಜ, ಇದು ಮ್ಯಾಜಿಕ್!

ಶನಿವಾರ ರಾತ್ರಿ ಊಟ ಮುಗಿಸಿ ದಾವಣಗೆರೆಗೆ ವಿಡಿಯೊ ಕಾಲ್ ಮಾಡುವುದು ನಮ್ಮ ಮನೆಯ ಪದ್ಧತಿ. ಅಮೆರಿಕದ ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ನಾವು ಮಲಗುವ ತಯಾರಿಯಲ್ಲಿದ್ದರೆ, ಅಲ್ಲಿ ನಮ್ಮ ತಂದೆ ಭಾನುವಾರದ ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿರುತ್ತಾರೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಅವರು ಮೊಮ್ಮಗನನ್ನು ವಿಚಾರಿಸಿದರು.

‘ಒಳಗೆ ಕಾರ್ಡ್ಸ್ ಜೋಡಿಸ್ತಿದ್ದಾನೆ ಅಪ್ಪಾಜಿ. ನಿನ್ನೆ ಟೂರ್ನಮೆಂಟ್ ಇತ್ತು’ ಅಂದೆ.

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಪೇಪರ್ ಮಡಿಸಿಟ್ಟ ಸದ್ದು.

‘ಏನೋ ಇದು? ಹದಿನಾಲ್ಕು ವರ್ಷದ ಹುಡುಗನಿಗೆ ಇಸ್ಪೀಟಾ? ಇಲ್ಲಿ ಅಂದರ್ ಬಾಹರ್ ಆಡೋರನ್ನ ಪೊಲೀಸ್ನೋರು ಹಿಡ್ಕಂಡು ಹೋಗ್ತಾರೆ, ಅಲ್ಲಿ ಟೂರ್ನಮೆಂಟ್ ಮಾಡ್ತಾರಾ?’

‘ಇಸ್ಪೀಟಲ್ಲ ಅಜ್ಜ, ಇದು ಮ್ಯಾಜಿಕ್!’ ಎಂದು ಮಗ ಒಳಗಿನಿಂದಲೇ ಕೂಗಿದ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಇಸ್ಪೀಟಿನ ಜತೆಗೆ ಮಾಟ ಮಂತ್ರವೂ ಸೇರಿತೇ ಎಂದು ನಮ್ಮ ತಾಯಿಗೆ ಹೊಸ ಚಿಂತೆ ಶುರುವಾಯಿತು.

ಹೊರದೇಶದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಎಷ್ಟೋ ಮನೆಗಳಲ್ಲಿ ಈ ಮಾತುಕತೆ ಆಗಿರಬಹುದು. ಬಣ್ಣಬಣ್ಣದ ಚಿತ್ರದ ಕಾರ್ಡ್‌ಗಳು, ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ, ವಾರಕ್ಕೊಮ್ಮೆ ಅಂಗಡಿಗೆ ಓಟ. ದೊಡ್ಡವರಿಗೆ ಅರ್ಥವಾಗುವುದು ಖರ್ಚು ಮಾತ್ರ. ನನ್ನದೂ ಅದೇ ಸ್ಥಿತಿ. ವೃತ್ತಿಯಿಂದ ಲೆಕ್ಕಿಗ. ದಾವಣಗೆರೆಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಮೂರು ವರ್ಷದ ಹಿಂದೆ ಇಲ್ಲಿಗೆ ಬಂದವನು. ಅಪ್ಪಾಜಿ ಫೋನ್ ಇಟ್ಟ ಮೇಲೆ ಕ್ರೆಡಿಟ್ ಕಾರ್ಡ್ ಬಿಲ್ ತೆಗೆದು ನೋಡಿದೆ. ಮೂರು ತಿಂಗಳಲ್ಲಿ ಆ ಅಂಗಡಿಯ ಹೆಸರು ಹನ್ನೊಂದು ಸಲ ಇತ್ತು. ‘ಸಾಕು, ಈ ತಿಂಗಳಿಗೆ ನಿಲ್ಲಿಸಿಬಿಡೋಣ’ ಅಂದೆ.

‘ಆಡಿಟ್ ಮಾಡದೆ ರಿಪೋರ್ಟ್ ಬರೀತೀರಾ?’ ಎಂದಳು ಹೆಂಡತಿ. ‘ಒಂದು ಶುಕ್ರವಾರ ಅಲ್ಲಿಗೆ ಹೋಗಿ ಕೂತು ನೋಡಿ. ಆಮೇಲೆ ಬೇಕಾದರೆ ನಿಲ್ಲಿಸಿ.’

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹನ್ನೊಂದನೇ ವಯಸ್ಸಿಗೆ ಬೆಂಗಳೂರಿನ ಶಾಲೆ ಬಿಟ್ಟು ಬಂದ ಹುಡುಗ ಇಲ್ಲಿ ಮೊದಲ ಆರು ತಿಂಗಳು ಮಧ್ಯಾಹ್ನದ ಊಟ ಒಬ್ಬನೇ ಮಾಡುತ್ತಿದ್ದ. ಅವನಿಗೆ ಮೊದಲ ಗೆಳೆಯ ಸಿಕ್ಕಿದ್ದು ಈ ಕಾರ್ಡ್‌ಗಳ ಮೂಲಕ. ಅದನ್ನು ಕಸಿಯುವ ಮೊದಲು ಅದೇನೆಂದು ತಿಳಿಯುವುದು ನ್ಯಾಯ ಎನ್ನಿಸಿತು. ಹಾಗಾಗಿ ನಾನು ಕಂಡದ್ದನ್ನು, ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ತಿಳಿಯುವಂತೆ ಇಲ್ಲಿ ಹೇಳುತ್ತಿದ್ದೇನೆ.

ಆಟ ಯಾವುದು?

‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬುದು ಇದರ ಪೂರ್ಣ ಹೆಸರು. ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. 1993ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿ ಇದನ್ನು ಹೊರತಂದಿತು. ಪೀಟರ್ ಆಡ್ಕಿಸನ್ ಎಂಬವರು ಸಿಯಾಟಲ್ ಬಳಿ ಕಟ್ಟಿದ ಕಂಪನಿ ಅದು. ಮುಂದೆ ಬಹಳ ವರ್ಷ ಅದು ನೆಲೆಯೂರಿದ್ದು ನಾವೀಗ ಇರುವ ಇದೇ ರೆಂಟನ್ ಊರಿನಲ್ಲಿ. 1999ರಲ್ಲಿ ಆಟಿಕೆ ತಯಾರಿಸುವ ಹ್ಯಾಸ್ಬ್ರೊ ಅದನ್ನು ಕೊಂಡುಕೊಂಡಿತು.

ಇಸ್ಪೀಟಿನಲ್ಲಿ ಇಬ್ಬರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬರೂ ತಮ್ಮದೇ ಕಟ್ಟು ತರಬೇಕು. ಕನಿಷ್ಠ 60 ಕಾರ್ಡ್. ಯಾವ ಯಾವ ಕಾರ್ಡ್ ಸೇರಿಸಬೇಕು ಎಂದು ಮನೆಯಲ್ಲಿ ಲೆಕ್ಕ ಹಾಕಿ ಕಟ್ಟಿಕೊಂಡು ಬರಬೇಕು. ಕೆಲವು ಕಾರ್ಡ್ ‘ಭೂಮಿ’. ಅವುಗಳಿಂದ ಶಕ್ತಿ ಹುಟ್ಟುತ್ತದೆ. ಆ ಶಕ್ತಿ ಖರ್ಚು ಮಾಡಿ ‘ಜೀವಿ’ಗಳನ್ನು ಇಳಿಸಬಹುದು, ಮಂತ್ರ ಹಾಕಬಹುದು. ಒಬ್ಬೊಬ್ಬರಿಗೂ 20 ಅಂಕದ ಆಯುಸ್ಸು. ಎದುರಾಳಿಯ ಆಯುಸ್ಸನ್ನು ಸೊನ್ನೆಗೆ ಇಳಿಸಿದವರು ಗೆದ್ದರು. ಅಷ್ಟೇ ಆಗಿದ್ದರೆ ಇದು ಚೌಕಾಬಾರದಷ್ಟೇ ಸರಳ.

ತೊಡಕು ಇರುವುದು ಕಾರ್ಡ್‌ಗಳ ಮೇಲಿನ ಬರಹದಲ್ಲಿ. ಪ್ರತಿ ಕಾರ್ಡ್‌ನ ಕೆಳಗಿನ ಅರ್ಧದಲ್ಲಿ ಎರಡು ಮೂರು ಸಾಲು ಇರುತ್ತದೆ. ಆ ಸಾಲು ಆಟದ ಯಾವುದೋ ಒಂದು ನಿಯಮವನ್ನು ಮುರಿಯುತ್ತದೆ. 1993ರ ಮೊದಲ ಕಂತಿನಲ್ಲಿ 295 ಬಗೆಯ ಕಾರ್ಡ್‌ಗಳಿದ್ದವು. ಇವತ್ತು 25 ಸಾವಿರಕ್ಕೂ ಹೆಚ್ಚು ಬಗೆ ಇವೆ. ಅಂದರೆ 25 ಸಾವಿರಕ್ಕೂ ಹೆಚ್ಚು ವಿನಾಯಿತಿ! ಇವುಗಳೆಲ್ಲ ಒಂದರ ಜತೆ ಒಂದು ಹೊಂದಿಕೊಂಡು ಬಾಳುವಂತೆ ಮಾಡಲು ಒಂದು ನಿಯಮ ಪುಸ್ತಕವಿದೆ. ಅದು 250 ಪುಟ ದಾಟಿದೆ. ಒಂಬತ್ತು ಅಧ್ಯಾಯ, ಕಾನೂನಿನ ಪುಸ್ತಕದಂತೆ ಕಲಂ, ಉಪ ಕಲಂ. ಹೊಸ ಕಂತು ಬಂದಾಗಲೆಲ್ಲ ತಿದ್ದುಪಡಿ. ಮಗ ಅದನ್ನು ಫೋನಿನಲ್ಲಿ ತೋರಿಸಿದಾಗ ನನಗೆ ನಗು ಬಂತು. ನನ್ನ ಹೊಟ್ಟೆಪಾಡೇ ಇಂಥ ಪುಸ್ತಕಗಳು.

‘ಏನೇ ಹೇಳಿದ್ದರೂ...’

ಆ ಪುಸ್ತಕದ ಕಲಂ 101.1ಕ್ಕೆ ಆಟಗಾರರು ‘ಚಿನ್ನದ ನಿಯಮ’ ಎನ್ನುತ್ತಾರೆ. ಅದರ ಸಾರ ಇಷ್ಟು: ಕಾರ್ಡ್‌ನ ಬರಹಕ್ಕೂ ಪುಸ್ತಕದ ನಿಯಮಕ್ಕೂ ನೇರ ವಿರೋಧ ಬಂದರೆ ಕಾರ್ಡ್ ಹೇಳಿದ್ದೇ ನಡೆಯುತ್ತದೆ.

ನಾವು ಸಿ.ಎ. ಓದುವಾಗ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಕಲಂಗೂ ಎದುರಾಗುತ್ತಿದ್ದ ಮಾತು, ‘ಈ ಕಾಯ್ದೆಯಲ್ಲಿ ಬೇರೆಡೆ ಏನೇ ಹೇಳಿದ್ದರೂ...’ ಎಂಬುದು. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಮೇಲು. ಈ ಆಟದ ಪ್ರತಿ ಕಾರ್ಡೂ ಒಂದೊಂದು ‘ಏನೇ ಹೇಳಿದ್ದರೂ’ ಕಲಂ. ಮೊದಲ ದಿನವೇ ಇದು ನನಗೆ ಹೊಳೆದದ್ದರಿಂದ, ಮಗನ ಮುಂದೆ ನನ್ನ ಮರ್ಯಾದೆ ಸ್ವಲ್ಪ ಹೆಚ್ಚಿತು.

ಆ ಚಿನ್ನದ ನಿಯಮಕ್ಕೆ ಒಂದೇ ಒಂದು ಅಪವಾದ ಇದೆ. ಆಟಗಾರ ಯಾವಾಗ ಬೇಕಾದರೂ ಸೋಲೊಪ್ಪಿ ಮೇಜು ಬಿಟ್ಟು ಏಳಬಹುದು. ಆ ಹಕ್ಕನ್ನು ಯಾವ ಕಾರ್ಡೂ ಕಸಿಯುವಂತಿಲ್ಲ. 25 ಸಾವಿರ ವಿನಾಯಿತಿಗಳ ನಡುವೆ ಇದೊಂದನ್ನು ಮಾತ್ರ ಯಾರೂ ಮುಟ್ಟಬಾರದು ಎಂದು ಬರೆದಿಟ್ಟವರ ಬಗ್ಗೆ ನನಗೆ ಗೌರವ ಮೂಡಿತು.

ಒಂದು ಪದದ ಎಡವಟ್ಟು

ವಿಚಿತ್ರ ಕಾರ್ಡ್‌ಗಳ ಕಾಟ ಆಟ ಅಚ್ಚಾಗುವ ಮೊದಲೇ ಶುರುವಾಗಿತ್ತು. ಗಾರ್ಫೀಲ್ಡ್ ಅವರೇ ಹೇಳಿಕೊಂಡ ಪ್ರಸಂಗ ಇದು. ಪರೀಕ್ಷಾರ್ಥ ಆಡುತ್ತಿದ್ದಾಗ ಒಬ್ಬ ಆಟಗಾರ, ತನ್ನ ಬಳಿ ಖಂಡಿತ ಗೆಲ್ಲಿಸುವ ಕಾರ್ಡ್ ಇದೆ ಎಂದನಂತೆ. ಅಂಥ ಕಾರ್ಡ್ ತಾವು ಮಾಡಿಯೇ ಇಲ್ಲವಲ್ಲ ಎಂದು ಗಾರ್ಫೀಲ್ಡ್‌ಗೆ ಅಚ್ಚರಿ. ನೋಡಿದರೆ, ಎದುರಾಳಿ ಮುಂದಿನ ಸರದಿಯನ್ನು ‘ಲೂಸ್’ ಮಾಡುತ್ತಾನೆ ಎಂದು ಅದರಲ್ಲಿ ಬರೆದಿತ್ತು. ಇಂಗ್ಲಿಷಿನ ಆ ಪದಕ್ಕೆ ‘ಕಳೆದುಕೊಳ್ಳು’ ಎಂಬ ಅರ್ಥವೂ ಇದೆ, ‘ಸೋಲು’ ಎಂಬ ಅರ್ಥವೂ ಇದೆ. ಬರೆದವರ ಮನಸ್ಸಿನಲ್ಲಿದ್ದದ್ದು ‘ಎದುರಾಳಿಗೆ ಒಂದು ಸರದಿ ತಪ್ಪುತ್ತದೆ’ ಎಂದು. ಓದಿದವನು ತಿಳಿದದ್ದು ‘ಎದುರಾಳಿ ಮುಂದಿನ ಸರದಿಯಲ್ಲಿ ಸೋಲುತ್ತಾನೆ’ ಎಂದು! ಅಚ್ಚಾಗುವಷ್ಟರಲ್ಲಿ ಆ ಸಾಲು ಬದಲಾಯಿತು. ಅದೇ ‘ಟೈಮ್ ವಾಕ್’ ಎಂಬ ಹೆಸರುವಾಸಿ ಕಾರ್ಡ್ ಆಯಿತು. ಒಪ್ಪಂದ ಪತ್ರದಲ್ಲಿ ಒಂದು ಅಲ್ಪವಿರಾಮಕ್ಕೆ ವಾರಗಟ್ಟಲೆ ಜಗಳವಾಡಿದ ನಮ್ಮಂಥವರಿಗೆ ಇದು ಹೊಸದಲ್ಲ.

ಅದೇ ಮೊದಲ ಕಂತಿನ ‘ಕೇಯಾಸ್ ಆರ್ಬ್’ ಇನ್ನೊಂದು ತಮಾಷೆ. ಆ ಕಾರ್ಡನ್ನು ಕನಿಷ್ಠ ಒಂದು ಅಡಿ ಎತ್ತರದಿಂದ ಮೇಜಿನ ಮೇಲೆ ಪಲ್ಟಿ ಹೊಡೆಸಿ ಹಾಕಬೇಕು. ಅದು ಬಿದ್ದು ಯಾವ ಕಾರ್ಡ್‌ಗಳಿಗೆ ತಾಗುತ್ತದೋ ಅವು ನಾಶ. ನಿಯಮ ಬರೆದವರಿಗೆ ತಲೆನೋವು. ಕಾರ್ಡ್‌ಗಳನ್ನು ಮೇಜಿನ ಮೂಲೆ ಮೂಲೆಗೆ ದೂರ ದೂರ ಇಟ್ಟರೆ? ಫ್ಯಾನ್ ಗಾಳಿಗೆ ಹಾರಿದರೆ? ಬುದ್ಧಿಯ ಆಟದ ನಡುವೆ ಕೈಚಳಕದ ಆಟ ಬಂದು ಕೂತಿತು. ಈಗ ಅಧಿಕೃತ ಟೂರ್ನಮೆಂಟ್‌ಗಳಲ್ಲಿ ಅದಕ್ಕೆ ನಿಷೇಧ.

ಅದೇ ವರ್ಷದ ಕೊನೆಗೆ ಅರೇಬಿಯನ್ ನೈಟ್ಸ್ ಕಥೆಗಳನ್ನು ಆಧರಿಸಿದ ಕಂತು ಬಂತು. ಅದರಲ್ಲಿ ‘ಶಹರಾಜಾದ್’ ಎಂಬ ಕಾರ್ಡ್. ಕಥೆಯೊಳಗೆ ಕಥೆ ಹೇಳಿ ಜೀವ ಉಳಿಸಿಕೊಂಡ ರಾಣಿಯ ಹೆಸರು. ಕಾರ್ಡ್ ಕೂಡ ಹಾಗೇ. ಅದನ್ನು ಹಾಕಿದರೆ ನಡೆಯುತ್ತಿರುವ ಆಟ ಅಲ್ಲೇ ನಿಲ್ಲಬೇಕು. ಉಳಿದ ಕಟ್ಟಿನಿಂದ ಇಬ್ಬರೂ ಹೊಸದೊಂದು ಆಟ ಆಡಬೇಕು. ಅದರಲ್ಲಿ ಸೋತವನು ಮೂಲ ಆಟದ ಆಯುಸ್ಸಿನಲ್ಲಿ ಅರ್ಧ ಕಳೆದುಕೊಳ್ಳುತ್ತಾನೆ. ಒಳಗಿನ ಆಟದಲ್ಲಿ ಮತ್ತೊಂದು ಶಹರಾಜಾದ್ ಬಂದರೆ ಅದರೊಳಗೆ ಮತ್ತೊಂದು ಆಟ! ಅಂಗಡಿ ಮುಚ್ಚುವ ಹೊತ್ತಾದರೂ ಮುಗಿಯದು. ಅದಕ್ಕೂ ನಿಷೇಧ ಬಿತ್ತು. ಆದರೂ ಆಟದೊಳಗಿನ ಆಟ ಹೇಗೆ ನಡೆಯಬೇಕೆಂಬ ನಿಯಮಗಳು ಪುಸ್ತಕದಲ್ಲಿ ಉಳಿದುಕೊಂಡಿವೆ. ನಮ್ಮ ಲೆಕ್ಕದ ಪುಸ್ತಕಗಳಲ್ಲೂ ಹೀಗೇ. ಒಬ್ಬ ಗಿರಾಕಿಗೆಂದು ತೆರೆದ ಖಾತೆ ಅವನು ಹೋದ ಮೇಲೂ ಸೊನ್ನೆ ಬಾಕಿಯೊಂದಿಗೆ ಕೂತಿರುತ್ತದೆ.

2003ರಲ್ಲಿ ಬಂದ ‘ಪ್ಲಾಟಿನಂ ಏಂಜೆಲ್’ ಹೇಳುವುದು, ‘ನೀನು ಸೋಲಲಾರೆ, ನಿನ್ನ ಎದುರಾಳಿಗಳು ಗೆಲ್ಲಲಾರರು’ ಎಂದು. ಆಯುಸ್ಸು ಸೊನ್ನೆಯಾದರೂ ಆಟ ಮುಂದುವರಿಯುತ್ತದೆ. ಎದುರಿನವನು ‘ನಾನು ಗೆದ್ದೆ’ ಎಂದು ಬರೆದಿರುವ ಕಾರ್ಡ್ ಹಾಕಿದರೆ? ಅದಕ್ಕೆ ಕಲಂ 101.2 ಇದೆ. ಒಂದು ಕಾರ್ಡ್ ‘ಆಗುತ್ತದೆ’ ಎಂದು, ಇನ್ನೊಂದು ‘ಆಗದು’ ಎಂದು ಹೇಳಿದರೆ, ‘ಆಗದು’ ಎಂಬುದೇ ಗೆಲ್ಲುತ್ತದೆ. ಮನೆಯಲ್ಲಿ ಅಪ್ಪ ಹೂಂ ಅಂದು ಅಮ್ಮ ಬೇಡ ಅಂದರೆ ಏನಾಗುತ್ತದೋ ಹಾಗೆ ಎಂದು ಮಗ ವಿವರಿಸಿದ.

ಎರಡು ವಿನಾಯಿತಿ ಎದುರುಬದುರಾದರೆ

ನಿಜವಾದ ಸಿಕ್ಕು ಇರುವುದು ಇಲ್ಲಿ. ನಿಯಮಕ್ಕೆ ವಿರುದ್ಧ ಕಾರ್ಡ್ ಬಂದರೆ ಕಾರ್ಡ್ ದೊಡ್ಡದು ಎಂದಾಯಿತು. ಕಾರ್ಡ್‌ಗೆ ವಿರುದ್ಧ ಕಾರ್ಡ್ ಬಂದರೆ?

ಹಳೆಯ ಆಟಗಾರರು ಇದಕ್ಕೆ ಕೊಡುವ ಉದಾಹರಣೆ 1997ರ ‘ಹ್ಯುಮಿಲಿಟಿ’ ಮತ್ತು 1999ರ ‘ಒಪಲೆಸೆನ್ಸ್’. ಎರಡೂ ಜೀವಿಗಳಲ್ಲ, ಮೇಜಿನ ಮೇಲೆ ಕೂತು ಪ್ರಭಾವ ಬೀರುವ ‘ಎನ್‌ಚಾಂಟ್‌ಮೆಂಟ್’ ಎಂಬ ಜಾತಿಯವು. ಮೊದಲನೆಯದು ಹೇಳುತ್ತದೆ: ಎಲ್ಲ ಜೀವಿಗಳೂ ತಮ್ಮ ವಿಶೇಷ ಗುಣ ಕಳೆದುಕೊಂಡು 1/1 ಬಲದ ಸಾಮಾನ್ಯ ಜೀವಿಗಳಾಗುತ್ತವೆ. ಎರಡನೆಯದು ಹೇಳುತ್ತದೆ: ಎನ್‌ಚಾಂಟ್‌ಮೆಂಟ್ ಜಾತಿಯ ಬಹುತೇಕ ಇತರ ಕಾರ್ಡ್‌ಗಳೂ ಜೀವಿಗಳಾಗುತ್ತವೆ, ಅವುಗಳ ಬಲ ಅವುಗಳ ಬೆಲೆಯಷ್ಟು. ಎರಡೂ ಒಟ್ಟಿಗೆ ಇದ್ದಾಗ ಏನಾಯಿತು ನೋಡಿ. ಒಪಲೆಸೆನ್ಸ್‌ನಿಂದ ಹ್ಯುಮಿಲಿಟಿಯೇ ಒಂದು ಜೀವಿಯಾಯಿತು. ಜೀವಿಯಾದ ಕೂಡಲೇ ತನ್ನ ಮಾತಿನಂತೆ ತನ್ನ ಗುಣವನ್ನೇ ಕಳೆದುಕೊಂಡಿತು. ಗುಣ ಹೋದ ಮೇಲೆ ಬೇರೆಯವರ ಗುಣ ಕಳೆಯುವುದು ಹೇಗೆ? ಕೂತ ಕೊಂಬೆಯನ್ನೇ ಕಡಿದ ಕಥೆ.

ಇದಕ್ಕೆ ಪುಸ್ತಕದ 613ನೇ ಕಲಂನಲ್ಲಿ ಏಳು ಮೆಟ್ಟಿಲಿನ ಉತ್ತರವಿದೆ. ಯಾವ ಪರಿಣಾಮ ಮೊದಲು, ಯಾವುದು ನಂತರ ಎಂದು ಕ್ರಮ ಹಾಕಿದ್ದಾರೆ. ಮೊದಲು ನಕಲು, ನಂತರ ಒಡೆತನ, ಬರಹ, ಜಾತಿ, ಬಣ್ಣ, ಗುಣ, ಕೊನೆಗೆ ಬಲ. ಲಾಭ ನಷ್ಟದ ಪಟ್ಟಿಯಲ್ಲಿ ಮೊದಲು ವ್ಯಾಪಾರದ ಲಾಭ, ಆಮೇಲೆ ಬಡ್ಡಿ, ಆಮೇಲೆ ತೆರಿಗೆ ಕಳೆಯುವ ಹಾಗೆ. ಒಂದು ಕಾರ್ಡ್‌ನ ಪರಿಣಾಮ ಒಂದು ಮೆಟ್ಟಿಲಲ್ಲಿ ಶುರುವಾದರೆ, ನಡುವೆ ಅದರ ಗುಣ ಹೋದರೂ ಮುಂದಿನ ಮೆಟ್ಟಿಲಲ್ಲಿ ಅದು ಕೊನೆಯವರೆಗೂ ನಡೆಯುತ್ತದೆ. ಒಂದೇ ಮೆಟ್ಟಿಲಲ್ಲಿ ಎರಡು ತಾಗಿದರೆ, ಸಾಮಾನ್ಯವಾಗಿ ನಂತರ ಬಂದದ್ದು ಮೇಲು. ಹೀಗಾಗಿ ಹ್ಯುಮಿಲಿಟಿ ಮೊದಲು ಬಂದು ಒಪಲೆಸೆನ್ಸ್ ನಂತರ ಬಂದಿದ್ದರೆ ಹ್ಯುಮಿಲಿಟಿಯ ಬಲ 4/4. ಹಿಂದು ಮುಂದಾದರೆ 1/1. ಎರಡು ಕಾಯ್ದೆಗಳಲ್ಲೂ ‘ಏನೇ ಹೇಳಿದ್ದರೂ’ ಎಂದಿದ್ದರೆ ಸಾಮಾನ್ಯವಾಗಿ ನಂತರದ ಕಾಯ್ದೆಗೆ ಮೇಲುಗೈ ಎಂದು ನಾವು ಓದಿದ್ದು ನೆನಪಾಯಿತು.

ಈ ಸಿಕ್ಕುಗಳ ಆಳ ಎಷ್ಟೆಂದರೆ, 2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು ಒಂದು ಪ್ರಬಂಧ ಬರೆದು, ಈ ಕಾರ್ಡ್‌ಗಳನ್ನು ಜೋಡಿಸಿಯೇ ಕಂಪ್ಯೂಟರ್ ಮಾಡುವ ಲೆಕ್ಕವನ್ನೆಲ್ಲ ಮಾಡಬಹುದು ಎಂದು ತೋರಿಸಿದರು. ಕೆಲವು ಸನ್ನಿವೇಶಗಳಲ್ಲಿ ಯಾರು ಗೆಲ್ಲುತ್ತಾರೆ ಎಂದು ಮುಂಚಿತವಾಗಿ ಹೇಳಿಬಿಡುವ ಲೆಕ್ಕದ ವಿಧಾನವೇ ಇರಲು ಸಾಧ್ಯವಿಲ್ಲ ಎಂಬುದು ಅವರ ಸಾಧನೆ.

ಮರೆವಿನ ಉಂಗುರ

ಇನ್ನು ನಾನು ನೋಡಿದ ಶುಕ್ರವಾರಕ್ಕೆ ಬರೋಣ. ಅದಕ್ಕೆ ಒಂದು ಕಾರ್ಡಿನ ಪರಿಚಯ ಬೇಕು. 2007ರಲ್ಲಿ ಬಂದ ‘ಆಬ್ಲಿವಿಯನ್ ರಿಂಗ್’. ಹೆಸರಿನ ಅರ್ಥ ಮರೆವಿನ ಉಂಗುರ. ಶಕುಂತಲೆಯ ಉಂಗುರ ಮರೆತದ್ದನ್ನು ನೆನಪಿಸುವಂಥದ್ದು, ಇದು ಮರೆಸುವಂಥದ್ದು. ಇದರಲ್ಲಿ ಎರಡೇ ಸಾಲು. ಒಂದು: ಇದು ಮೇಜಿಗೆ ಬಂದಾಗ ಭೂಮಿಯಲ್ಲದ ಇನ್ನೊಂದು ಕಾರ್ಡನ್ನು ಆಟದಿಂದಾಚೆ ಕಳಿಸು. ಎರಡು: ಇದು ಮೇಜು ಬಿಟ್ಟು ಹೋದಾಗ, ಆ ಕಳಿಸಿದ ಕಾರ್ಡನ್ನು ವಾಪಸ್ ತಾ.

ಎಷ್ಟು ಸರಳ! ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಸಾಲು ಒಂದು ಎಂಟ್ರಿ, ಎರಡನೇ ಸಾಲು ಅದರ ರಿವರ್ಸಲ್ ಎಂಟ್ರಿ. ಆದರೆ ಈ ಆಟದಲ್ಲಿ ಮಂತ್ರಗಳು ಒಂದರ ಮೇಲೊಂದು ಪೇರಿಸಿ, ಕೊನೆಗೆ ಬಂದದ್ದು ಮೊದಲು ಜಾರಿಯಾಗುತ್ತದೆ. 1999ರಲ್ಲಿ ತಂದ ಪದ್ಧತಿ ಇದು. ದಾಸ್ತಾನು ಲೆಕ್ಕದಲ್ಲಿ ನಾವು ಲಿಫೊ ಅನ್ನುತ್ತೇವೆ. ಭಾರತದ ಲೆಕ್ಕಪತ್ರ ಮಾನದಂಡ ಅದನ್ನು ಒಪ್ಪುವುದಿಲ್ಲ, ಅಮೆರಿಕದಲ್ಲಿ ಇನ್ನೂ ಇದೆ. ಹಾಗಾಗಿ ಉಂಗುರ ಮೇಜಿಗೆ ಬಂದು ಮೊದಲ ಸಾಲು ಜಾರಿಯಾಗುವ ಮೊದಲೇ ಉಂಗುರವನ್ನು ನಾಶ ಮಾಡಿದರೆ, ಎರಡನೇ ಸಾಲು ಮೇಲೆ ಬಂದು ಕೂರುತ್ತದೆ, ಮೊದಲು ಜಾರಿಯಾಗುತ್ತದೆ. ವಾಪಸ್ ತರಲು ಇನ್ನೂ ಏನೂ ಹೋಗಿಲ್ಲ. ಆಮೇಲೆ ಮೊದಲ ಸಾಲು ಜಾರಿಯಾಗಿ ಕಾರ್ಡ್ ಆಚೆ ಹೋಗುತ್ತದೆ, ಶಾಶ್ವತವಾಗಿ. ಮೂಲ ಎಂಟ್ರಿಗೆ ಮುಂಚೆಯೇ ರಿವರ್ಸಲ್ ಪಾಸ್ ಮಾಡಿದಂತೆ! ಚಾಲೂಕು ಆಟಗಾರರು ಇದನ್ನು ಬೇಕೆಂದೇ ಮಾಡುತ್ತಿದ್ದರು. 2014ರ ‘ಬ್ಯಾನಿಷಿಂಗ್ ಲೈಟ್’ ಎಂಬ ಕಾರ್ಡ್‌ನಲ್ಲಿ ಎರಡು ಸಾಲನ್ನು ಸೇರಿಸಿ ‘ಇದು ಇರುವ ತನಕ’ ಎಂದು ಒಂದೇ ಮಾತಿನಲ್ಲಿ ಬರೆದರು. ಸಂದು ಮುಚ್ಚಿತು.

ಆ ಶುಕ್ರವಾರ

ಅಂಗಡಿಯ ಹಿಂಭಾಗದಲ್ಲಿ ಉದ್ದ ಮೇಜುಗಳು. ಹನ್ನೆರಡು ವರ್ಷದವರಿಂದ ಅರವತ್ತರವರೆಗೆ ಎಲ್ಲ ವಯಸ್ಸಿನವರು. ಗದ್ದಲ ಇಲ್ಲ, ಪಣ ಇಲ್ಲ, ದುಡ್ಡು ಮೇಜಿನ ಮೇಲೆ ಬಂದದ್ದನ್ನು ನಾನು ಕಾಣಲಿಲ್ಲ. ನಾನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗನ ಹಿಂದೆ ಕೂತೆ.

ಕೊನೆಯ ಸುತ್ತು. ಎದುರಿಗೆ ಇಪ್ಪತ್ತರ ಆಸುಪಾಸಿನ ಹುಡುಗ. ತಲಾ ಒಂದೊಂದು ಆಟ ಗೆದ್ದು ಮೂರನೆಯದು ನಡೆಯುತ್ತಿತ್ತು. ಗೆದ್ದರೆ 3 ಅಂಕ, ಸಮ ಆದರೆ 1. ಗೆದ್ದರೆ ನಮ್ಮವನಿಗೆ ಬಹುಮಾನದ ಪಟ್ಟಿಯಲ್ಲಿ ಮೊದಲ ಸಲ ಜಾಗ. ಅವನ ಆಯುಸ್ಸು 11, ಎದುರಾಳಿಯದು 3. ಭೂಮಿಗಳನ್ನು ಬಿಟ್ಟರೆ ಮೇಜಿನ ಮೇಲೆ ಉಳಿದದ್ದು ನಮ್ಮವನ ಒಂದು ಉಂಗುರ ಮಾತ್ರ. ಅದರಿಂದ ಆಚೆ ಹೋಗಿದ್ದದ್ದು ಎದುರಾಳಿಯ ಮೊದಲ ಉಂಗುರ.

ಎದುರಾಳಿ ತನ್ನ ಎರಡನೇ ಉಂಗುರ ಹಾಕಿದ. ಅದು ಏನನ್ನಾದರೂ ಆಚೆ ಕಳಿಸಲೇಬೇಕು. ಇದ್ದದ್ದು ನಮ್ಮವನ ಉಂಗುರ ಒಂದೇ, ಅದು ಹೋಯಿತು. ಅದು ಹೋದ್ದರಿಂದ ಎದುರಾಳಿಯ ಮೊದಲ ಉಂಗುರ ವಾಪಸ್ ಬಂತು. ತನ್ನ ಎರಡೂ ಉಂಗುರ ಮೇಜಿನ ಮೇಲಿವೆ ಎಂದು ಖುಷಿಯಾಗಿ ಅವನು ‘ನಿನ್ನ ಸರದಿ’ ಎಂದ.

ಮಗ ಕೈಯಲ್ಲಿದ್ದ ಕಾರ್ಡ್‌ಗಳನ್ನು ನೋಡಿದ. ಮುಂದಿನ ಸರದಿಯಲ್ಲಿ ಇಳಿಸಲು ಅವನ ಬಳಿ ಒಂದು ದೊಡ್ಡ ಜೀವಿ ಇತ್ತು. ಹಿಂದೆ ಕೂತ ನನಗೇ ಕಾಣುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೆರಳು ತೋರಿಸಿ, ‘ವಾಪಸ್ ಬಂದ ಉಂಗುರವೂ ಏನಾದರೂ ಒಂದನ್ನು ಕಳಿಸಬೇಕಲ್ಲ’ ಎಂದ. ಕೈಯೆತ್ತಿ ಜಡ್ಜ್ ಅನ್ನು ಕರೆದ.

ಹೌದು, ಮರಳಿ ಬಂದ ಉಂಗುರವೂ ಹೊಸದಾಗಿ ಬಂದಂತೆಯೇ. ಅದು ಕಳಿಸಬಹುದಾದದ್ದು ಎರಡನೇ ಉಂಗುರ ಮಾತ್ರ. ಎರಡನೆಯದು ಹೋದರೆ ನಮ್ಮವನದು ವಾಪಸ್. ನಮ್ಮವನದು ಬಂದರೆ ಮೊದಲನೆಯದು ಹೋಗಬೇಕು. ಮೊದಲನೆಯದು ಹೋದರೆ ಎರಡನೆಯದು ವಾಪಸ್. ಎರಡನೆಯದು ಬಂದರೆ ನಮ್ಮವನದು ಮತ್ತೆ ಹೊರಗೆ. ಮೂರು ಉಂಗುರ, ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತವೆ. ನಿಲ್ಲಿಸುವ ಕಾರ್ಡ್ ಇಬ್ಬರ ಬಳಿಯೂ ಇಲ್ಲ. ಯಾರೂ ತಡೆಯಲಾಗದ ಕಡ್ಡಾಯ ಸುತ್ತು ಹೀಗೆ ಶುರುವಾದರೆ ಆಟ ಸಮ ಎಂದು ನಿಯಮವಿದೆ. ಜಡ್ಜ್ ಬಂದು ನೋಡಿ, ನಕ್ಕು, ‘ಡ್ರಾ’ ಎಂದರು. ಸುತ್ತಿನ ಸಮಯವೂ ಮುಗಿಯಿತು. ನಮ್ಮವನಿಗೆ 1 ಅಂಕ. ಬಹುಮಾನದ ಪಟ್ಟಿ ತಪ್ಪಿತು.

ಕಾರಿನಲ್ಲಿ ಕೇಳಿದೆ. ‘ಅವನು ಮರೆತಿದ್ದ. ನೀನು ಸುಮ್ಮನಿದ್ದಿದ್ದರೆ?’

‘ಸುಮ್ಮನಿರಬಹುದಿತ್ತು ಅಪ್ಪ. ಎದುರಿನವರು ತಮ್ಮ ಕಾರ್ಡ್ ಕೆಲಸ ಮರೆತ್ರೆ ನಾವು ನೆನಪಿಸಲೇಬೇಕು ಅಂತ ರೂಲ್ ಇಲ್ಲ.’

‘ಮತ್ತೆ?’

‘ಆ ಕಾರ್ಡ್‌ನಲ್ಲಿ ‘ಬೇಕಿದ್ರೆ ಮಾಡು’ ಅಂತ ಬರೆದಿಲ್ಲವಲ್ಲ. ಮಾಡು ಅಂತಿದೆ. ಅದು ನನಗೆ ಕಾಣ್ತಾ ಇತ್ತು.’

ಅವನೇನೂ ಹರಿಶ್ಚಂದ್ರನಂತೆ ಸಮಾಧಾನವಾಗಿ ಕೂತಿರಲಿಲ್ಲ. ಮನೆಗೆ ಬಂದು ಶೂ ಎಸೆದ. ಸಾರು ಅನ್ನ ಅರ್ಧಕ್ಕೇ ಬಿಟ್ಟ. ಮೂರು ವಾರದ ಆಸೆ ಕೈಗೆ ಬಂದು ಜಾರಿತ್ತು. ಆದರೂ ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ.

ಅದಕ್ಕೆ ನನ್ನದೇ ಒಂದು ಕಾರಣವಿತ್ತು. ಆಫೀಸಿನ ಪುಸ್ತಕದಲ್ಲಿ ಒಂದು ಹಳೆಯ ಬಾಕಿ ಕೂತಿತ್ತು. ಸರಕು ಬಂದಿತ್ತು, ಕಳಿಸಿದವರು ಬಿಲ್ ಕಳಿಸುವುದನ್ನೇ ಮರೆತಿದ್ದರು. ‘ಅವರೇ ಕೇಳಿಲ್ಲ, ಆದಾಯಕ್ಕೆ ವಾಪಸ್ ಬರೆದುಬಿಡೋಣ’ ಎಂಬ ಮಾತು ಆ ವಾರ ನಡೆದಿತ್ತು. ನಾನು ಹೂಂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ವೀಸಾ ನೌಕರಿಯಲ್ಲಿ ಇರುವವನಿಗೆ ‘ಬೇಡ’ ಎನ್ನುವುದು ಎಷ್ಟು ಕಷ್ಟ ಎಂದು ಈ ಪುಟ ಓದುವವರಿಗೆ ಹೇಳಬೇಕಿಲ್ಲ. ಸೋಮವಾರ ಬೆಳಿಗ್ಗೆ ಹೋದವನೇ, ‘ಸರಕು ಬಂದ ದಾಖಲೆ ನಮ್ಮ ಹತ್ತಿರ ಇದೆ, ಮೊದಲು ಅವರಿಗೆ ತಿಳಿಸೋಣ’ ಎಂದು ಮೇಲ್ ಬರೆದೆ. ಎರಡು ದಿನ ಎದೆ ಡವಡವ ಎನ್ನುತ್ತಿತ್ತು. ಆಮೇಲೆ ‘ಸರಿ’ ಎಂಬ ಒಂದು ಪದದ ಉತ್ತರ ಬಂತು.

ಖರ್ಚಿನ ಮಾತು

ಇಷ್ಟೆಲ್ಲ ಹೇಳಿ ದುಡ್ಡಿನ ವಿಷಯ ಮರೆಮಾಚಿದರೆ ಲೆಕ್ಕಿಗನಾಗಿ ನನಗೆ ಶೋಭಿಸದು. ಅಪ್ಪಾಜಿಯ ಸಂಶಯ ಪೂರ್ತಿ ಸುಳ್ಳೂ ಅಲ್ಲ. 1993ರ ಮೂಲ ನಿಯಮಗಳಲ್ಲಿ ಆಟಗಾರರು ತಲಾ ಒಂದು ಕಾರ್ಡ್ ಪಣ ಇಡುವ ಪದ್ಧತಿ ಇತ್ತು, ಗೆದ್ದವನಿಗೆ ಎರಡೂ. ಅದು ಬೇಗನೆ ಕೈಬಿಟ್ಟುಹೋಯಿತು. ಪಣಕ್ಕೆ ಸಂಬಂಧಿಸಿದ ಕಾರ್ಡ್‌ಗಳಿಗೆಲ್ಲ ಟೂರ್ನಮೆಂಟ್‌ಗಳಲ್ಲಿ ನಿಷೇಧವಿದೆ. ಆದರೆ ಮುಚ್ಚಿದ ಪ್ಯಾಕೆಟ್‌ಗಳ ಆಕರ್ಷಣೆ ಉಳಿದಿದೆ. ಒಳಗೆ ಯಾವ ಕಾರ್ಡ್ ಇದೆಯೋ ಗೊತ್ತಿಲ್ಲ, ಇನ್ನೊಂದು ಕೊಳ್ಳೋಣ ಎನ್ನಿಸುತ್ತದೆ. 2021ರಲ್ಲಿ ‘ಬ್ಲ್ಯಾಕ್ ಲೋಟಸ್’ ಎಂಬ ಒಂದೇ ಕಾರ್ಡ್ 5 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹರಾಜಾದ ಸುದ್ದಿ ಕೇಳಿದ ಮಕ್ಕಳಿಗೆ, ತಮಗೂ ಲಾಟರಿ ಹೊಡೆದೀತು ಎಂಬ ಆಸೆ ಸಹಜ.

ನಾವು ಮನೆಯಲ್ಲಿ ಮೂರು ನಿಯಮ ಮಾಡಿಕೊಂಡಿದ್ದೇವೆ. ಒಂದು, ತಿಂಗಳಿಗೆ ಇಂತಿಷ್ಟು ಎಂದು ಮಿತಿ. ಲೆಕ್ಕ ಅವನೇ ಬರೆಯಬೇಕು. ಎರಡು, ಮುಚ್ಚಿದ ಪ್ಯಾಕೆಟ್ ಬದಲು ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳಬೇಕು, ಅದೇ ಅಗ್ಗ. ಮೂರು, ಹೊಸ ಕಾರ್ಡ್ ಕೊಂಡರೆ ಅದರ ಮೇಲಿನ ಬರಹವನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳಬೇಕು. ಮೂರನೆಯದು ಹೆಂಡತಿಯ ತಿದ್ದುಪಡಿ. ಅದರಿಂದ ಶನಿವಾರದ ಕರೆ ಹತ್ತು ನಿಮಿಷದಿಂದ ಮುಕ್ಕಾಲು ಗಂಟೆಗೆ ಏರಿದೆ. ‘ಎನ್‌ಚಾಂಟ್‌ಮೆಂಟ್‌ಗೆ ಕನ್ನಡದಲ್ಲಿ ಏನಂತಾರೆ?’ ಎಂದು ಹುಡುಗ ತಲೆ ಕೆರೆದುಕೊಳ್ಳುವುದನ್ನು ನೋಡುವುದೇ ನನಗೆ ಚೆಂದ.

ಅಜ್ಜನ ತೀರ್ಪು

ಮೂರು ಉಂಗುರದ ಕಥೆಯನ್ನು ಅಜ್ಜನಿಗೆ ಹೇಳಿದ್ದು ಅವನೇ. ಹೇಳಲು ಮೂರು ನಾಣ್ಯ ಇಟ್ಟುಕೊಂಡು, ಒಂದನ್ನು ತೆಗೆದು ಒಂದನ್ನು ಇಟ್ಟು ಫೋನಿನ ಮುಂದೆ ತೋರಿಸಿದ. ಅಪ್ಪಾಜಿ ಪೇಪರ್ ಬದಿಗಿಟ್ಟು ಕೇಳಿದರು. ನಂತರ ತಮ್ಮ ಬಾಲ್ಯದ ಚೌಕಾಬಾರ ಶುರುಮಾಡಿದರು. ಎದುರಿನ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಇವರ ಮನೆಯ ನಿಯಮ. ಗಟ್ಟಿಯಾದ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ ಎಂದು ಪಕ್ಕದ ಮನೆಯವರೊಡನೆ ಒಂದು ಬೇಸಿಗೆ ಪೂರ್ತಿ ಮಾತು ಬಿಟ್ಟಿದ್ದರಂತೆ.

‘ನಿಮಗೆ ಜಡ್ಜ್ ಇರಲಿಲ್ವಾ ಅಜ್ಜ?’

‘ಇದ್ರಪ್ಪ, ನಮ್ಮಜ್ಜಿ. ಆದ್ರೆ ಅಜ್ಜಿ ಯಾವಾಗ್ಲೂ ನಮ್ಮ ಕಡೀಗೇ ತೀರ್ಪು ಕೊಡೋರು.’

ಇಬ್ಬರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪಾಜಿ ನನ್ನನ್ನು ಕರೆದರು.

‘ಹಂಗಾದ್ರೆ ಇದು ಇಸ್ಪೀಟಲ್ಲ ಬಿಡು’ ಎಂದರು. ‘ಇದು ಪಂಚಾಯ್ತಿ. ಆಡ್ಲಿ.’

ಬೇಸಿಗೆ ರಜೆಗೆ ದಾವಣಗೆರೆಗೆ ಟಿಕೆಟ್ ಆಗಿದೆ. ಸೂಟ್‌ಕೇಸಿನಲ್ಲಿ ಎರಡು ಕಟ್ಟು ಕಾರ್ಡ್ ಹೋಗಲಿವೆ, ಒಂದು ಅವನದು, ಒಂದು ಅಜ್ಜನಿಗೆಂದು ಅವನೇ ಜೋಡಿಸಿದ್ದು. ಅಜ್ಜನ ಕಟ್ಟಿನಲ್ಲಿ ಯಾವ ಯಾವ ಕಾರ್ಡ್ ಇವೆ ಎಂದು ನೋಡಿದೆ. ಎಲ್ಲ ಸರಳವಾದವು. ಮರೆವಿನ ಉಂಗುರ ಒಂದೂ ಇಲ್ಲ.